ಟ್ರಾವೆಲ್ ಸ್ಟಾರ್ಟಪ್ ಕಟ್ಟುತ್ತಿರುವ ವಿದ್ಯಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಓದಿನ ಜೊತೆಜೊತೆಗೇ ಪ್ರವಾಸಕ್ಕೆ ಸಂಬಂಧಿಸಿದ ಆ್ಯಪ್ ಅಥವಾ ಸಾಫ್ಟ್‌ವೇರ್ ಕಟ್ಟಲು ಹೊರಟ ತಂಡಗಳಿಗಾಗಿ ಈ ಪ್ರಶ್ನೋತ್ತರ. ಕೋಡ್ ಬರೆಯುವುದು ಹೇಗೆ ಎಂದು ಇಲ್ಲಿ ಹೇಳಿಲ್ಲ, ಅದು ನಿಮಗೆ ಬರುತ್ತದೆ. ವಿದ್ಯಾರ್ಥಿಗಳಿಗೆ ಸಾಮಾನ್ಯವಾಗಿ ಕೊರತೆ ಬೀಳುವುದು ಪರಿಚಯಗಳದ್ದು. ಅದರಲ್ಲೂ ಈ ವ್ಯಾಪಾರದ ಒಳಗೇ ದಿನಾ ಕೆಲಸ ಮಾಡುವವರ ಪರಿಚಯ. ಹಾಗಾಗಿ ಉತ್ತರಗಳು ಮತ್ತೆ ಮತ್ತೆ ಅಲ್ಲಿಗೇ ಬರುತ್ತವೆ.

ಟ್ರಿಪ್ ಪ್ಲಾನ್ ಮಾಡಿಕೊಡುವ ಆ್ಯಪ್ ಮಾಡಬೇಕು ಅಂತಿದ್ದೇವೆ. ಐಡಿಯಾ ಚೆನ್ನಾಗಿದೆಯಾ?

ವಿದ್ಯಾರ್ಥಿ ತಂಡಗಳಿಗೆ ಮೊದಲು ಹೊಳೆಯುವ ಐಡಿಯಾ ಇದೇ. ಗೆಳೆಯರ ಜೊತೆ ಟ್ರಿಪ್ ಹೋಗಲು ಕೂತಾಗ ಹತ್ತು ಟ್ಯಾಬ್ ತೆರೆದು, ಗ್ರೂಪ್ ಚಾಟ್‌ನಲ್ಲಿ ಜಗಳ ಆಡಿ, ಕೊನೆಗೆ ಯಾರೋ ಒಬ್ಬರು ಸ್ಪ್ರೆಡ್‌ಶೀಟ್ ಮಾಡಿದ ಅನುಭವ ಎಲ್ಲರಿಗೂ ಇರುತ್ತದೆ. ಸಮಸ್ಯೆ ನಿಜ. ಆದರೆ ಅದರ ಮೇಲೆ ಕಂಪನಿ ನಿಲ್ಲಿಸುವುದು ಕಷ್ಟ.

ಹೆಚ್ಚಿನ ಜನ ವರ್ಷಕ್ಕೆ ಒಂದೋ ಎರಡೋ ಸಲ ದೊಡ್ಡ ಪ್ರವಾಸ ಹೋಗುತ್ತಾರೆ. ಬಂದ ಮೇಲೆ ಆ್ಯಪ್ ಮರೆತುಬಿಡುತ್ತಾರೆ. ಮುಂದಿನ ಸಲ ಮತ್ತೆ ಸರ್ಚ್ ಎಂಜಿನ್‌ನಿಂದಲೇ ಶುರು. ಅಂದರೆ ಅದೇ ಗ್ರಾಹಕನನ್ನು ನೀವು ಎರಡನೇ ಸಲವೂ ಖರ್ಚು ಮಾಡಿಯೇ ಕರೆತರಬೇಕು. ಬುಕಿಂಗ್ ಹೋಲ್ಡಿಂಗ್ಸ್, ಎಕ್ಸ್‌ಪೀಡಿಯಾದಂಥ ಕಂಪನಿಗಳು ಮಾರ್ಕೆಟಿಂಗ್‌ಗೆ ವರ್ಷಕ್ಕೆ ನೂರಾರು ಕೋಟಿ ಡಾಲರ್ ಸುರಿಯುತ್ತವೆ. ಸರ್ಚ್ ಎಂಜಿನ್‌ನ ಜಾಹೀರಾತು ಜಾಗಕ್ಕೆ ನಡೆಯುವ ಹರಾಜಿನಲ್ಲಿ ಅವರ ಎದುರು ನಿಲ್ಲಲು ವಿದ್ಯಾರ್ಥಿಗಳಿಂದ ಆಗುವುದಿಲ್ಲ. ಇನ್ನೊಂದು ತೊಂದರೆ ಎಂದರೆ, ಜನ ಬುಕಿಂಗ್‌ಗೆ ದುಡ್ಡು ಕೊಡುತ್ತಾರೆ, ಪ್ಲಾನಿಂಗ್‌ಗೆ ಕೊಡುವುದು ತೀರಾ ಕಡಿಮೆ. ಈಗಂತೂ ಚಾಟ್‌ಬಾಟ್‌ಗೆ ಕೇಳಿದರೆ ಒಂದು ನಿಮಿಷದಲ್ಲಿ ಪ್ಲಾನ್ ಬರುತ್ತದೆ.

ಬಿಟ್ಟೇಬಿಡಿ ಅಂತ ಹೇಳುತ್ತಿಲ್ಲ. ಕಿರಿದು ಮಾಡಿ. ಗಾಲಿಕುರ್ಚಿ ಬಳಸುವವರ ಪ್ರವಾಸ, ಅರವತ್ತು ಮಕ್ಕಳನ್ನು ಕರೆದೊಯ್ಯುವ ಶಾಲೆಯ ಪ್ರವಾಸ, ಪದೇ ಪದೇ ಊರಿಂದೂರಿಗೆ ಹೋಗುವ ಕ್ರೀಡಾ ತಂಡಗಳ ಪ್ರಯಾಣ. ಇಲ್ಲಿ ಪ್ಲಾನಿಂಗ್ ನಿಜಕ್ಕೂ ತಲೆನೋವು. ತಪ್ಪಾದರೆ ಬೆಲೆ ತೆರಬೇಕಾಗುತ್ತದೆ. ಯಾರೋ ಒಬ್ಬರಿಗೆ ಅದೇ ಕೆಲಸ. ಆ ಒಬ್ಬರು ನಿಮ್ಮ ಗ್ರಾಹಕ.

ಹಾಗಾದರೆ ಒಳ್ಳೆ ಸಮಸ್ಯೆ ಎಲ್ಲಿ ಸಿಗುತ್ತದೆ?

ಪ್ರವಾಸಿಗರಾಗಿ ನಮಗೆ ಕಾಣುವುದು ಕೌಂಟರ್‌ನ ಈಚೆ ಬದಿ ಮಾತ್ರ. ಆಚೆ ಬದಿಯಲ್ಲಿ ಕೂತವರ ದಿನ ಹೇಗಿರುತ್ತದೆ ಎಂದು ಹೋಗಿ ನೋಡಿ. ಸಣ್ಣ ಹೋಟೆಲಿನವರು ಒಂದೇ ರೂಮನ್ನು ನಾಲ್ಕೈದು ಸೈಟ್‌ಗಳಲ್ಲಿ ಹಾಕಿರುತ್ತಾರೆ. ಒಂದರಲ್ಲಿ ಬುಕ್ ಆದಾಗ ಉಳಿದವುಗಳಲ್ಲಿ ಮುಚ್ಚಲು ತಡವಾದರೆ ಒಂದೇ ರೂಮಿಗೆ ಇಬ್ಬರು ಬಂದು ನಿಲ್ಲುತ್ತಾರೆ. ಇದನ್ನು ತಪ್ಪಿಸಲು ಚಾನೆಲ್ ಮ್ಯಾನೇಜರ್ ಎಂಬ ಸಾಫ್ಟ್‌ವೇರ್ ಇದೆ, ಆದರೆ ತೀರಾ ಸಣ್ಣವರು ಎಷ್ಟೋ ಜನ ಇನ್ನೂ ಕೈಯಲ್ಲೇ ಮಾಡುತ್ತಾರೆ. ಗೈಡ್‌ಗಳು ಬುಕಿಂಗ್‌ಗಳನ್ನು ಚಾಟ್ ಮೆಸೇಜ್‌ಗಳಲ್ಲೇ ಇಟ್ಟುಕೊಂಡಿರುತ್ತಾರೆ. ಟೂರ್ ಆಪರೇಟರ್ ಒಂದು ರದ್ದತಿ ಬಂದರೆ ಹೋಟೆಲ್, ಬಸ್, ಟಿಕೆಟ್ ಮೂರಕ್ಕೂ ಬೇರೆ ಬೇರೆ ಫೋನ್ ಮಾಡುತ್ತಾರೆ. ಇವರೆಲ್ಲ ಸಾಫ್ಟ್‌ವೇರನ್ನು ದಿನಾ ಬಳಸುವವರು. ಕೆಲಸ ಉಳಿಸಿದರೆ ತಿಂಗಳು ತಿಂಗಳು ದುಡ್ಡು ಕೊಡುವವರು.

ಪ್ರವಾಸಿಗನ ಸ್ವಂತ ಕಿರಿಕಿರಿಯಿಂದ ಹುಟ್ಟಿದ ಕಂಪನಿಗಳೂ ಇವೆ. ಸ್ಕೈಸ್ಕ್ಯಾನರ್ ಶುರುವಾದದ್ದು ಅಗ್ಗದ ವಿಮಾನ ಟಿಕೆಟ್ ಹುಡುಕಲು ಮಾಡಿಕೊಂಡ ಒಂದು ಸ್ಪ್ರೆಡ್‌ಶೀಟ್‌ನಿಂದ. ಅದು ಬೆಳೆದು 2016ರಲ್ಲಿ ಸುಮಾರು 140 ಕೋಟಿ ಪೌಂಡ್‌ಗೆ ಚೀನಾದ ಸಿಟ್ರಿಪ್ ಕಂಪನಿ ಪಾಲಾಯಿತು. ಆದರೆ ಅದಕ್ಕೆ ದುಡ್ಡು ಕೊಟ್ಟದ್ದು ಹುಡುಕುವ ಪ್ರವಾಸಿಗನಲ್ಲ ಅನ್ನುವುದನ್ನು ಗಮನಿಸಿ. ಗ್ರಾಹಕರನ್ನು ಕಳಿಸಿಕೊಟ್ಟದ್ದಕ್ಕೆ ಏರ್‌ಲೈನ್‌ಗಳು ಮತ್ತು ಏಜೆಂಟರು ಕೊಟ್ಟರು.

ನಾವು ಯಾರನ್ನು ಭೇಟಿಯಾಗಬೇಕು? ಇನ್ವೆಸ್ಟರ್‌ಗಳನ್ನಾ?

ಅವರು ಕೊನೆಗೆ. ಮೊದಲು ನೀವು ಪರಿಹರಿಸಲು ಹೊರಟ ಸಮಸ್ಯೆಯನ್ನು ದಿನಾ ಅನುಭವಿಸುವವರು. ಆಮೇಲೆ ಆ ಕ್ಷೇತ್ರದಲ್ಲಿ ಹತ್ತು ವರ್ಷ ಕೆಲಸ ಮಾಡಿ ಬಿಟ್ಟವರು. ಅವರಿಗೆ ಒಳಗಿನ ಗುಟ್ಟೆಲ್ಲ ಗೊತ್ತು, ಸಮಯವೂ ಇರುತ್ತದೆ, ಮಾತಾಡಲು ಕಂಪನಿಯ ಅಪ್ಪಣೆಯೂ ಬೇಕಿಲ್ಲ. ವಿದ್ಯಾರ್ಥಿಗಳು ಇವರನ್ನು ಹುಡುಕುವುದೇ ಇಲ್ಲ, ಅದು ದೊಡ್ಡ ನಷ್ಟ. ಮೂರನೆಯವರು, ನಿಮಗಿಂತ ಎರಡು ವರ್ಷ ಮುಂದೆ ಇರುವ ಸ್ಟಾರ್ಟಪ್‌ನವರು. ಯಾವ ಪೇಮೆಂಟ್ ಕಂಪನಿ ಒಪ್ಪಿಕೊಂಡಿತು, ಯಾರ ಎಪಿಐ (ಒಂದು ಸಾಫ್ಟ್‌ವೇರ್ ಇನ್ನೊಂದರಿಂದ ಡೇಟಾ ಪಡೆಯುವ ದಾರಿ) ಸರಿಯಾಗಿ ಕೆಲಸ ಮಾಡುತ್ತದೆ ಎಂಬಂಥ ಪ್ರಶ್ನೆಗೆ ಉತ್ತರ ಅವರ ಹತ್ತಿರವೇ ಇರುತ್ತದೆ. ನಿಮ್ಮ ಕಾಲೇಜಿನಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಅಥವಾ ಪ್ರವಾಸೋದ್ಯಮ ವಿಭಾಗ ಇದ್ದರೆ ಅಲ್ಲಿಂದಲೇ ಶುರು ಮಾಡಿ. ಅಲ್ಲಿನ ಮೇಷ್ಟ್ರುಗಳ ಹಳೇ ವಿದ್ಯಾರ್ಥಿಗಳು ಹೋಟೆಲ್, ಏರ್‌ಲೈನ್, ಏಜೆನ್ಸಿ ಎಲ್ಲ ಕಡೆ ಇರುತ್ತಾರೆ.

ಈ ಕ್ಷೇತ್ರದಲ್ಲಿ ನಮಗೆ ಒಬ್ಬರೂ ಗೊತ್ತಿಲ್ಲ. ಹೇಗೆ ಶುರು ಮಾಡುವುದು?

ಹತ್ತಿರದ ಗೆಳೆಯರಿಗೆ ಗೊತ್ತಿರುವುದು ಬಹುತೇಕ ನಿಮಗೂ ಗೊತ್ತಿರುತ್ತದೆ. ಹೊಸ ವಿಷಯ ಬರುವುದು ದೂರದ ಪರಿಚಯದವರಿಂದ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಇದನ್ನು ತೋರಿಸಿಕೊಟ್ಟರು. ಪರಿಚಯದವರ ಮೂಲಕ ಕೆಲಸ ಸಿಕ್ಕವರನ್ನು ಅವರು ಕೇಳಿದಾಗ, ಹೆಚ್ಚಿನವರಿಗೆ ಸುಳಿವು ಕೊಟ್ಟದ್ದು ಆಗೀಗ ಅಥವಾ ಅಪರೂಪಕ್ಕೆ ಸಿಗುವ ವ್ಯಕ್ತಿ. ದಿನಾ ಸಿಗುವವರು ಕಡಿಮೆ.

ಹಾಗಾಗಿ ಕೂತು ಒಂದು ಪಟ್ಟಿ ಮಾಡಿ. ನೆಂಟರಲ್ಲಿ ಏರ್‌ಪೋರ್ಟ್‌ನಲ್ಲಿ ಕೆಲಸ ಮಾಡುವವರು, ಬಸ್ ಓಡಿಸುವ ಕಂಪನಿಯಲ್ಲಿ ಇರುವ ಸೀನಿಯರ್‌ನ ಅಣ್ಣ, ಇಂಟರ್ನ್‌ಶಿಪ್‌ನಲ್ಲಿ ಸಿಕ್ಕ ಮ್ಯಾನೇಜರ್. ತಂಡದ ಪ್ರತಿಯೊಬ್ಬರೂ ಬೇರೆ ಬೇರೆ ಬರೆಯಿರಿ, ಆಮೇಲೆ ಸೇರಿಸಿ. ಯಾರೂ ಗೊತ್ತಿಲ್ಲ ಎಂದವರ ಪಟ್ಟಿಯಲ್ಲೂ ಸಾಕಷ್ಟು ಹೆಸರು ಬಂದೇ ಬರುತ್ತವೆ.

ಪ್ರವಾಸ ತಂತ್ರಜ್ಞಾನದ ಚರಿತ್ರೆಯೇ ಒಂದು ಆಕಸ್ಮಿಕ ಪರಿಚಯದಿಂದ ತಿರುವು ಪಡೆದಿದೆ. 1953ರಲ್ಲಿ ಲಾಸ್ ಏಂಜಲೀಸ್‌ನಿಂದ ನ್ಯೂಯಾರ್ಕ್‌ಗೆ ಹೋಗುವ ವಿಮಾನದಲ್ಲಿ ಐಬಿಎಂನ ಸೇಲ್ಸ್‌ಮನ್ ಬ್ಲೇರ್ ಸ್ಮಿತ್ ಅವರ ಪಕ್ಕದಲ್ಲಿ ಅಮೆರಿಕನ್ ಏರ್‌ಲೈನ್ಸ್‌ನ ಅಧ್ಯಕ್ಷ ಸಿ.ಆರ್. ಸ್ಮಿತ್ ಕೂತಿದ್ದರು. ಇಬ್ಬರದೂ ಒಂದೇ ಅಡ್ಡಹೆಸರು, ಮಾತು ಶುರುವಾಯಿತು. ಆಗ ಸೀಟು ಕಾಯ್ದಿರಿಸುವ ಕೆಲಸ ಕಾರ್ಡ್‌ಗಳ ಮೇಲೆ, ಕೈಯಲ್ಲೇ ನಡೆಯುತ್ತಿತ್ತು. ಆ ಮಾತುಕತೆಯೇ ಮುಂದೆ ಸೇಬರ್ ಎಂಬ ಕಂಪ್ಯೂಟರ್ ಬುಕಿಂಗ್ ವ್ಯವಸ್ಥೆಯಾಗಿ ಬೆಳೆಯಿತು. ಇವತ್ತಿಗೂ ಜಗತ್ತಿನ ದೊಡ್ಡ ಟಿಕೆಟ್ ವಿತರಣಾ ಜಾಲಗಳಲ್ಲಿ ಅದೊಂದು. ಅದೃಷ್ಟ ನಿಜ. ಆದರೆ ಐಬಿಎಂನವರು ತಾವು ಏನು ಮಾಡುತ್ತೇವೆ ಎಂದು ಬಾಯಿಬಿಟ್ಟು ಹೇಳಿದ್ದರು ಅಲ್ವಾ?

ಗೊತ್ತಿಲ್ಲದವರಿಗೆ ಮೊದಲ ಮೆಸೇಜ್ ಹೇಗೆ ಬರೆಯಬೇಕು?

ಚಿಕ್ಕದಾಗಿ. ಒಂದೇ ಪ್ರಶ್ನೆ ಇಟ್ಟು. "ನಿಮ್ಮ ಮಾರ್ಗದರ್ಶನ ಬೇಕು" ಎಂದು ಬರೆದರೆ ಓದಿದವರಿಗೆ ಏನು ಮಾಡಬೇಕೆಂದೇ ತಿಳಿಯುವುದಿಲ್ಲ. ಉತ್ತರ ಕೊಡಲು ಎಷ್ಟು ಸಮಯ ಹಿಡಿಯುತ್ತದೆ ಎಂಬ ಅಂದಾಜೂ ಸಿಗುವುದಿಲ್ಲ. ಸುಮ್ನೆ ಬದಿಗಿಡುತ್ತಾರೆ. ಹೀಗೆ ಬರೆದು ನೋಡಿ:

"ನಮಸ್ಕಾರ. ನಾವು ಕೊನೇ ವರ್ಷದ ಮೂವರು ವಿದ್ಯಾರ್ಥಿಗಳು. ಸಣ್ಣ ಹೋಟೆಲ್‌ಗಳಲ್ಲಿ ಒಂದೇ ರೂಮು ಎರಡು ಕಡೆ ಬುಕ್ ಆಗುವುದನ್ನು ತಪ್ಪಿಸುವ ಸಾಫ್ಟ್‌ವೇರ್ ಮಾಡುತ್ತಿದ್ದೇವೆ. ಕೆಲವು ಮಾಲೀಕರ ಜೊತೆ ಮಾತಾಡಿದಾಗ, ರಜೆ ಸೀಸನ್‌ನಲ್ಲಿ ಅವರು ಒಂದು ಸೈಟ್ ಬಿಟ್ಟು ಉಳಿದವನ್ನೆಲ್ಲ ಮುಚ್ಚುತ್ತಾರೆ ಎಂದು ತಿಳಿಯಿತು. ನೀವು ರಿಸರ್ವೇಶನ್ ವಿಭಾಗದಲ್ಲಿ ತುಂಬ ವರ್ಷ ಇದ್ದವರು. ನಮ್ಮದು ಒಂದೇ ಪ್ರಶ್ನೆ: ಯಾವ ಸೈಟ್ ಉಳಿಸಿಕೊಳ್ಳಬೇಕು ಎಂದು ಹೋಟೆಲಿನವರು ಹೇಗೆ ನಿರ್ಧರಿಸುತ್ತಾರೆ? ಈ ವಾರ ಹದಿನೈದು ನಿಮಿಷ ಫೋನ್‌ನಲ್ಲಿ ಸಿಗಬಹುದಾ? ಎರಡು ಸಾಲು ಬರೆದರೂ ನಮಗೆ ಉಪಕಾರ."

ನೀವು ಯಾರು, ಏನು ಮಾಡುತ್ತಿದ್ದೀರಿ, ಈಗಾಗಲೇ ಏನು ಕಲಿತಿದ್ದೀರಿ, ಇವರನ್ನೇ ಯಾಕೆ ಕೇಳುತ್ತಿದ್ದೀರಿ, ಎಷ್ಟು ಸಮಯ ಬೇಕು, ಎಲ್ಲವೂ ಇದರಲ್ಲಿದೆ. "ಈಗಾಗಲೇ ಏನು ಕಲಿತಿದ್ದೀರಿ" ಅನ್ನುವ ಸಾಲೇ ಮುಖ್ಯ. ಅದು ಇದ್ದರೆ ಹುಡುಗರು ಓಡಾಡಿದ್ದಾರೆ ಎಂದು ಗೊತ್ತಾಗುತ್ತದೆ. ವಿದ್ಯಾರ್ಥಿ ಎಂದು ಹೇಳಿಕೊಳ್ಳಲು ನಾಚಿಕೆ ಬೇಡ, ಆ ಕಾರಣಕ್ಕೇ ಎಷ್ಟೋ ಜನ ಬಾಗಿಲು ತೆರೆಯುತ್ತಾರೆ. ಉತ್ತರ ಬರದಿದ್ದರೆ ಒಂದು ವಾರ ಬಿಟ್ಟು ಒಮ್ಮೆ ನೆನಪಿಸಿ. ಆಮೇಲೆ ಬಿಟ್ಟುಬಿಡಿ.

ಮಾತಾಡಿದ ಮೇಲೆ ಮಾಡುವ ಕೆಲಸ ಇನ್ನೂ ಮುಖ್ಯ. ಅದೇ ದಿನ ಧನ್ಯವಾದ ಹೇಳಿ. ತಿಂಗಳಾದ ಮೇಲೆ ಬರೆಯಿರಿ: ನೀವು ಹೇಳಿದ್ದನ್ನು ಮಾಡಿ ನೋಡಿದೆವು, ಹೀಗಾಯಿತು. ಹೀಗೆ ತಿರುಗಿ ಬರುವವರು ತೀರಾ ಕಡಿಮೆ. ಬಂದವರಿಗೆ ಜನ ತಾವಾಗಿಯೇ "ಇಂಥವರನ್ನೂ ಮಾತಾಡಿಸಿ" ಎಂದು ಪರಿಚಯ ಮಾಡಿಸುತ್ತಾರೆ.

ಭೇಟಿಯಲ್ಲಿ ಏನು ಕೇಳಬೇಕು?

"ನಮ್ಮ ಆ್ಯಪ್ ಬಂದರೆ ಬಳಸುತ್ತೀರಾ?" ಎಂದು ಕೇಳಬೇಡಿ. ಮಕ್ಕಳ ಮನಸ್ಸು ನೋಯಿಸಬಾರದು ಎಂದು ಎಲ್ಲರೂ ಹೂಂ ಅನ್ನುತ್ತಾರೆ. ನಡೆದದ್ದನ್ನು ಕೇಳಿ. ಕಳೆದ ಸಲ ಹೀಗಾದಾಗ ಏನು ಮಾಡಿದಿರಿ? ಎಷ್ಟು ಹೊತ್ತು ಹಿಡಿಯಿತು? ಯಾರಿಗೆ ಬೈಗುಳ ಬಿತ್ತು? ಇದಕ್ಕಾಗಿ ಈಗ ಏನಾದರೂ ಸಾಫ್ಟ್‌ವೇರ್ ಕೊಂಡಿದ್ದೀರಾ, ಕೊಂಡು ಬಿಟ್ಟಿದ್ದೀರಾ? ಸಾಧ್ಯವಾದರೆ ಅವರ ಪಕ್ಕ ಅರ್ಧ ದಿನ ಕೂತು ಕೆಲಸ ನೋಡಿ. ಏರ್‌ಬಿಎನ್‌ಬಿ ಸ್ಥಾಪಕರು 2009ರಲ್ಲಿ ಮಾಡಿದ್ದು ಇದನ್ನೇ. ಹೊಸ ಸ್ಟಾರ್ಟಪ್‌ಗಳಿಗೆ ಹಣ, ಸಲಹೆ ಕೊಡುವ ವೈ ಕಾಂಬಿನೇಟರ್ ಸಂಸ್ಥೆಯ ಪಾಲ್ ಗ್ರಹಾಂ ಅವರ ಸಲಹೆಯಂತೆ ನ್ಯೂಯಾರ್ಕ್‌ಗೆ ಹೋಗಿ ಮನೆ ಬಾಡಿಗೆಗೆ ಕೊಡುವವರನ್ನು ಒಬ್ಬೊಬ್ಬರನ್ನಾಗಿ ಭೇಟಿಯಾದರು. ಮನೆಗಳ ಫೋಟೋ ಚೆನ್ನಾಗಿಲ್ಲ ಎಂದು ಕಂಡದ್ದು ಆಗಲೇ. ತಾವೇ ಒಳ್ಳೆಯ ಫೋಟೋ ತೆಗೆದುಕೊಟ್ಟರು, ಬುಕಿಂಗ್ ಏರಿತು.

ಹೀಗೆ ಎಲ್ಲರಿಗೂ ಹೇಳಿಕೊಂಡು ಓಡಾಡಿದರೆ ಐಡಿಯಾ ಕದಿಯುವುದಿಲ್ಲವಾ?

ಕದಿಯುವಷ್ಟು ಪುರುಸೊತ್ತು ಯಾರಿಗೂ ಇಲ್ಲ. ಮೊದಲ ಭೇಟಿಗೇ ಗೌಪ್ಯತಾ ಒಪ್ಪಂದಕ್ಕೆ ಸಹಿ ಕೇಳಿದರೆ ಹೆಚ್ಚಿನವರು ಭೇಟಿಯನ್ನೇ ಬಿಡುತ್ತಾರೆ. ಕೋಡ್, ಗ್ರಾಹಕರ ಡೇಟಾ ಇವನ್ನು ಮಾತ್ರ ಕಾಪಾಡಿಕೊಳ್ಳಿ.

ಮೆಂಟರ್‌ಗೆ ಕಂಪನಿಯಲ್ಲಿ ಪಾಲು ಕೊಡಬೇಕಾ?

ಎರಡು ಮೂರು ಸಲ ಕಾಫಿಗೆ ಸಿಕ್ಕವರಿಗೆ ಬೇಡ. ಕೃತಜ್ಞತೆ ಸಾಕು. ತಿಂಗಳು ತಿಂಗಳು ಸಮಯ ಕೊಟ್ಟು, ಗ್ರಾಹಕರನ್ನು ಪರಿಚಯಿಸಿ, ಫಲ ಕಂಡಿರುವವರಿಗೆ ಸಣ್ಣ ಪಾಲು ಕೊಡುವ ರೂಢಿ ಇದೆ. ಸಾಮಾನ್ಯವಾಗಿ ಅದು ಶೇಕಡಾ 1ರ ಒಳಗೇ ಇರುತ್ತದೆ ಮತ್ತು ಒಂದೆರಡು ವರ್ಷಗಳಲ್ಲಿ ಹಂತ ಹಂತವಾಗಿ ಸಿಗುತ್ತದೆ. ಪರಿಚಯವಾದ ವಾರದಲ್ಲೇ ಹತ್ತು ಪರ್ಸೆಂಟ್ ಕೇಳುವ "ಸಲಹೆಗಾರರು" ಸಿಕ್ಕರೆ ದೂರ ಇರಿ. ದುಡ್ಡು ತೆಗೆದುಕೊಂಡು ಇನ್ವೆಸ್ಟರ್ ಪರಿಚಯ ಮಾಡಿಸುತ್ತೇವೆ ಎನ್ನುವವರಿಂದ ಇನ್ನೂ ದೂರ.

ವಿಮಾನ, ಬಸ್, ಮ್ಯಾಪ್ ಡೇಟಾ ಎಲ್ಲಿಂದ ತರುವುದು?

ವಿದ್ಯಾರ್ಥಿ ತಂಡಗಳು ಅರ್ಧದಲ್ಲಿ ನಿಂತುಬಿಡುವ ಜಾಗ ಇದು. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇವೆ.

ಮ್ಯಾಪ್‌ಗೆ ಓಪನ್‌ಸ್ಟ್ರೀಟ್‌ಮ್ಯಾಪ್ ಇದೆ. 2004ರಲ್ಲಿ ಅದನ್ನು ಶುರು ಮಾಡಿದ ಸ್ಟೀವ್ ಕೋಸ್ಟ್ ಆಗ ಲಂಡನ್‌ನಲ್ಲಿ ವಿದ್ಯಾರ್ಥಿಯೇ ಆಗಿದ್ದರು. ವ್ಯಾಪಾರಕ್ಕೂ ಬಳಸಬಹುದು, ಆದರೆ ಮೂಲದ ಹೆಸರು ಹಾಕಬೇಕು. ಅದರ ಡೇಟಾವನ್ನು ತಿದ್ದಿ ಬೆಳೆಸಿ ಹೊರಗೆ ಕೊಟ್ಟರೆ ಅದನ್ನೂ ಅದೇ ಲೈಸೆನ್ಸ್‌ನಲ್ಲಿ ಕೊಡಬೇಕು. ಬಸ್, ಮೆಟ್ರೋ, ರೈಲಿನ ವೇಳಾಪಟ್ಟಿಗೆ ಜಿಟಿಎಫ್‌ಎಸ್ ಎಂಬ ಮುಕ್ತ ಮಾದರಿ ಇದೆ. ಅಮೆರಿಕದ ಪೋರ್ಟ್‌ಲೆಂಡ್ ನಗರದ ಸಾರಿಗೆ ಸಂಸ್ಥೆ ಮತ್ತು ಗೂಗಲ್ ಸೇರಿ 2005ರ ಹೊತ್ತಿಗೆ ಮಾಡಿದ್ದು. ಈಗ ಜಗತ್ತಿನ ತುಂಬ ನಗರಗಳು ಇದೇ ಮಾದರಿಯಲ್ಲಿ ಡೇಟಾ ಕೊಡುತ್ತವೆ. ಕೊಡದ ಕಡೆ, ಆ ಸಾರಿಗೆ ಸಂಸ್ಥೆಯವರಿಗೆ ಡೇಟಾ ಸರಿಮಾಡಿ ಕೊಡುವುದೇ ನಿಮ್ಮ ಮೊದಲ ಕೆಲಸ ಆಗಬಹುದು. ಪರಿಚಯಕ್ಕೆ ಇದಕ್ಕಿಂತ ಒಳ್ಳೆ ದಾರಿ ಇಲ್ಲ.

ವಿಮಾನ ಮತ್ತು ಹೋಟೆಲ್ ಬೇರೆ ಕಥೆ. ದರ, ಸೀಟು ಕ್ಷಣಕ್ಷಣಕ್ಕೂ ಬದಲಾಗುತ್ತವೆ. ಈ ಮಾಹಿತಿ ಬಹುಪಾಲು ಜಿಡಿಎಸ್ ಎಂಬ ವಿತರಣಾ ಜಾಲಗಳಲ್ಲಿ ಹರಿಯುತ್ತದೆ. ಅಮೇಡಿಯಸ್, ಸೇಬರ್, ಟ್ರಾವೆಲ್‌ಪೋರ್ಟ್ ಇದರ ಮೂರು ದೊಡ್ಡ ಹೆಸರುಗಳು. ಏರ್‌ಲೈನ್‌ಗಳ ಸಂಘ ಐಎಟಿಎ 2012ರಲ್ಲಿ ಎನ್‌ಡಿಸಿ ಎಂಬ ಹೊಸ ಮಾನದಂಡ ತಂದ ಮೇಲೆ ಏರ್‌ಲೈನ್‌ಗಳು ನೇರವಾಗಿಯೂ ಕೊಡತೊಡಗಿವೆ. ಎಪಿಐನಿಂದ ದರ ನೋಡುವುದು ಸುಲಭ, ಟಿಕೆಟ್ ಕೊಡುವುದು ಸುಲಭವಲ್ಲ. ಅದಕ್ಕೆ ಮಾನ್ಯತೆ, ಆರ್ಥಿಕ ಭದ್ರತೆ ಬೇಕು. ಆದ್ದರಿಂದ ಮಾನ್ಯತೆ ಇರುವ ಒಬ್ಬ ಟ್ರಾವೆಲ್ ಏಜೆಂಟ್ ಜೊತೆ ಸೇರಿಕೊಳ್ಳಿ. ಟಿಕೆಟ್ ಅವರು ಕೊಡಲಿ, ಸಾಫ್ಟ್‌ವೇರ್ ನೀವು ಕೊಡಿ. ಇಲ್ಲೂ ಬಾಗಿಲು ತೆರೆಯುವುದು ಪರಿಚಯವೇ.

ಬೇರೆ ಸೈಟ್‌ಗಳಿಂದ ದರಗಳನ್ನು ಪ್ರೋಗ್ರಾಂ ಮೂಲಕ ಎತ್ತಿಕೊಳ್ಳುವುದರ ಮೇಲೆ ವ್ಯಾಪಾರ ಕಟ್ಟಬೇಡಿ. ಆ ಸೈಟ್ ಒಂದು ಪುಟ ಬದಲಾಯಿಸಿದರೆ ನಿಮ್ಮದು ನಿಲ್ಲುತ್ತದೆ. ನೋಟಿಸ್ ಬಂದರೆ ಎದುರಿಸಲು ಶಕ್ತಿಯೂ ಇರುವುದಿಲ್ಲ.

ಗ್ರಾಹಕರ ದುಡ್ಡು ನಾವೇ ತೆಗೆದುಕೊಂಡು ಹೋಟೆಲ್‌ಗೆ ಕೊಡಬಹುದಾ?

ಶುರುವಿನಲ್ಲಿ ಬೇಡ ಎಂದು ನಮ್ಮ ಗಟ್ಟಿ ಸಲಹೆ. ಪ್ರವಾಸದಲ್ಲಿ ದುಡ್ಡು ಇವತ್ತು ಬರುತ್ತದೆ, ಸೇವೆ ಮೂರು ತಿಂಗಳ ಮೇಲೆ ಸಿಗುತ್ತದೆ. ಆ ನಡುವೆ ಹೋಟೆಲ್ ಮುಚ್ಚಬಹುದು, ವಿಮಾನ ರದ್ದಾಗಬಹುದು, ಗ್ರಾಹಕ ಬ್ಯಾಂಕಿಗೆ ದೂರು ಕೊಟ್ಟು ಹಣ ವಾಪಸ್ ಪಡೆಯಬಹುದು. ಇದನ್ನೇ ಚಾರ್ಜ್‌ಬ್ಯಾಕ್ ಅನ್ನುವುದು. ಪೇಮೆಂಟ್ ಕಂಪನಿಗಳು ಟ್ರಾವೆಲ್ ವ್ಯಾಪಾರವನ್ನು ಅಪಾಯದ ವರ್ಗಕ್ಕೆ ಸೇರಿಸಿ, ನಿಮ್ಮ ಹಣದ ಒಂದು ಭಾಗವನ್ನು ಹಿಡಿದಿಟ್ಟುಕೊಳ್ಳುವುದು ಇದೇ ಕಾರಣಕ್ಕೆ.

ಕಾನೂನೂ ಇದೆ. ಐರೋಪ್ಯ ಒಕ್ಕೂಟದಲ್ಲಿ ಪ್ಯಾಕೇಜ್ ಟೂರ್ ಮಾರುವವರು ದಿವಾಳಿಯಾದರೆ ಗ್ರಾಹಕರ ಹಣ ವಾಪಸ್ ಹೋಗುವಂತೆ ಮೊದಲೇ ಭದ್ರತೆ ಇಟ್ಟಿರಬೇಕು. ಹೋಟೆಲ್ ಮತ್ತು ವಿಮಾನವನ್ನು ಒಟ್ಟಿಗೆ ಸೇರಿಸಿ ಒಂದೇ ಬೆಲೆಗೆ ಮಾರಿದರೆ ನೀವೂ ಆ ನಿಯಮದ ಒಳಗೆ ಬರುತ್ತೀರಿ. 2019ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ನಿನ ಥಾಮಸ್ ಕುಕ್ ಕಂಪನಿ ಬಿದ್ದಾಗ ಬ್ರಿಟನ್ನಿನ ಸುಮಾರು 1,50,000 ಪ್ರವಾಸಿಗರು ಹೊರದೇಶಗಳಲ್ಲಿದ್ದರು. ಸರ್ಕಾರ ಅವರನ್ನು ವಾಪಸ್ ಕರೆತರಬೇಕಾಯಿತು. ಬೇರೆಯವರ ರಜೆಯ ದುಡ್ಡು ಕೈಯಲ್ಲಿಟ್ಟುಕೊಳ್ಳುವುದು ಎಷ್ಟು ದೊಡ್ಡ ಜವಾಬ್ದಾರಿ ನೋಡಿ. ನಿಮ್ಮ ದೇಶದ ನಿಯಮ ಏನು ಎಂದು ಒಬ್ಬ ವಕೀಲರನ್ನು ಕೇಳಿ. ಅಲ್ಲಿಯವರೆಗೆ ಗ್ರಾಹಕನನ್ನು ನೇರ ಹೋಟೆಲ್‌ಗೆ ಕಳಿಸಿ ಕಮಿಷನ್ ಪಡೆಯಿರಿ, ಇಲ್ಲವೇ ಸಾಫ್ಟ್‌ವೇರ್‌ಗೆ ತಿಂಗಳ ಶುಲ್ಕ ಪಡೆಯಿರಿ.

ದೊಡ್ಡ ಟ್ರಾವೆಲ್ ಮೇಳಗಳಿಗೆ ಹೋಗಬೇಕಾ?

ಬರ್ಲಿನ್‌ನಲ್ಲಿ ಮಾರ್ಚ್‌ನಲ್ಲಿ ನಡೆಯುವ ಐಟಿಬಿ, ಲಂಡನ್‌ನಲ್ಲಿ ನವೆಂಬರ್‌ನಲ್ಲಿ ನಡೆಯುವ ವರ್ಲ್ಡ್ ಟ್ರಾವೆಲ್ ಮಾರ್ಕೆಟ್ ಬಹಳ ಹೆಸರಾದವು. ಅಲ್ಲಿ ಬರುವವರ ಕ್ಯಾಲೆಂಡರ್ ಮೊದಲೇ ತುಂಬಿರುತ್ತದೆ. ಅಪಾಯಿಂಟ್‌ಮೆಂಟ್ ಇಲ್ಲದೆ ಹೋದರೆ ಕಾಲು ನೋವು, ಒಂದಷ್ಟು ಬ್ರೋಷರ್, ಅಷ್ಟೇ. ಹತ್ತಿರದಲ್ಲಿ ನಡೆಯುವ ಹೋಟೆಲ್ ಮಾಲೀಕರ ಸಂಘದ ಅಥವಾ ಗೈಡ್‌ಗಳ ಸಭೆ ನಿಮಗೆ ಜಾಸ್ತಿ ಉಪಯೋಗಕ್ಕೆ ಬರುತ್ತದೆ. ಸ್ವಯಂಸೇವಕರಾಗಿ ಕೆಲಸ ಮಾಡಲು ಅವಕಾಶ ಇದ್ದರೆ ದೊಡ್ಡ ಮೇಳಕ್ಕೂ ಹೋಗಿ. ನೋಂದಣಿ ಮೇಜಿನ ಹಿಂದೆ ನಿಂತವರಿಗೆ ಎಲ್ಲರ ಮುಖ ಪರಿಚಯವಾಗುತ್ತದೆ.

ಸ್ಪರ್ಧೆಗಳು, ಇನ್ಕ್ಯುಬೇಟರ್‌ಗಳು?

ಒಂದೋ ಎರಡೋ ಸ್ಪರ್ಧೆ ಸಾಕು. ಪಿಚ್ ತಿದ್ದಲು, ತೀರ್ಪುಗಾರರ ಪರಿಚಯಕ್ಕೆ ಒಳ್ಳೆಯದು. ಪ್ರಶಸ್ತಿ ಕೊಡುವವರು ಬೇರೆ, ಗ್ರಾಹಕರು ಬೇರೆ. ಇನ್ಕ್ಯುಬೇಟರ್ ಅಂದರೆ ಹೊಸ ಕಂಪನಿಗಳಿಗೆ ಆಸರೆ ಕೊಟ್ಟು ಬೆಳೆಸುವ ಸಂಸ್ಥೆ. ಅದನ್ನು ಸೇರುವ ಮೊದಲು ಅಲ್ಲಿಂದ ಹೊರಬಂದ ಇಬ್ಬರನ್ನು ಮಾತಾಡಿಸಿ. ಯಾರನ್ನು ಪರಿಚಯ ಮಾಡಿಸಿದರು, ಎಷ್ಟು ಪಾಲು ತೆಗೆದುಕೊಂಡರು ಎಂದು ಕೇಳಿ. ಕ್ಲೌಡ್ ಕ್ರೆಡಿಟ್ (ಬಾಡಿಗೆ ಸರ್ವರ್‌ಗಳ ಉಚಿತ ಬಳಕೆ) ಒಂದಕ್ಕೇ ಸೇರಬೇಕಿಲ್ಲ. ದೊಡ್ಡ ಕ್ಲೌಡ್ ಕಂಪನಿಗಳು ಹೊಸ ಸ್ಟಾರ್ಟಪ್‌ಗಳಿಗೆ ನೇರವಾಗಿಯೂ ಕೊಡುತ್ತವೆ.

ಕಾಲೇಜಿನಲ್ಲಿ ಮಾಡಿದ ಪ್ರಾಜೆಕ್ಟ್ ಕಾಲೇಜಿಗೇ ಸೇರುತ್ತದಾ?

ಕಾಲೇಜಿನ ನಿಯಮದ ಮೇಲೆ ಹೋಗುತ್ತದೆ. ಲ್ಯಾಬ್ ಉಪಕರಣ, ಸಂಶೋಧನಾ ಅನುದಾನ ಅಥವಾ ಮೇಷ್ಟ್ರ ಸಂಶೋಧನೆ ಬಳಸಿದ್ದರೆ ಹಕ್ಕು ಕೇಳಬಹುದು. ನಿಯಮ ಓದಿ, ಅನುಮಾನ ಇದ್ದರೆ ಬರಹದಲ್ಲಿ ಉತ್ತರ ಪಡೆಯಿರಿ. ಹೂಡಿಕೆಯ ಹೊತ್ತಿಗೆ ಈ ಪ್ರಶ್ನೆ ಬಂದೇ ಬರುತ್ತದೆ.

ಗೆಳೆಯರ ನಡುವೆ ಪಾಲು ಹೇಗೆ ಹಂಚಿಕೊಳ್ಳುವುದು?

ಕಾಗದದ ಮೇಲೆ ಬರೆದು, ವೆಸ್ಟಿಂಗ್ ಇಟ್ಟು. ಅಂದರೆ ಪಾಲು ಒಮ್ಮೆಲೇ ಸಿಗದೆ, ಕೆಲಸ ಮಾಡಿದ ಕಾಲಕ್ಕೆ ತಕ್ಕಂತೆ ಸಿಗುವ ಹಾಗೆ. ಸಾಮಾನ್ಯ ರೂಢಿ ನಾಲ್ಕು ವರ್ಷ. ಮೊದಲ ವರ್ಷ ಪೂರ್ತಿ ಇದ್ದರೆ ಮಾತ್ರ ಕಾಲು ಭಾಗ ಸಿಗುತ್ತದೆ, ಉಳಿದದ್ದು ತಿಂಗಳು ತಿಂಗಳು. ವಿದ್ಯಾರ್ಥಿಗಳಿಗೆ ಇದು ಇನ್ನೂ ಅಗತ್ಯ. ಒಬ್ಬರಿಗೆ ಉದ್ಯೋಗ, ಒಬ್ಬರಿಗೆ ಮೇಲಿನ ಓದು ಬಂದೇ ಬರುತ್ತದೆ. ಮೂರನೇ ತಿಂಗಳು ಹೋದವರ ಹತ್ತಿರ ಮೂರನೇ ಒಂದು ಭಾಗ ಕಂಪನಿ ಉಳಿದರೆ ಮುಂದೆ ಯಾರೂ ಹಣ ಹಾಕುವುದಿಲ್ಲ. ಗೆಳೆತನವೂ ಕೆಡುತ್ತದೆ.

ಹಣಕ್ಕಾಗಿ ಇನ್ವೆಸ್ಟರ್ ಹತ್ತಿರ ಯಾವಾಗ ಹೋಗಬೇಕು?

ದುಡ್ಡು ಕೊಡುವ ಗ್ರಾಹಕರು ಕೆಲವರಾದರೂ ಇದ್ದಾಗ. ಹೋಗುವುದಾದರೆ ಇಬ್ಬರಿಗೂ ಗೊತ್ತಿರುವವರ ಮೂಲಕ ಹೋಗಿ. ಅಷ್ಟಾದರೂ "ಇಲ್ಲ" ಅನ್ನುವ ಉತ್ತರಕ್ಕೆ ಸಿದ್ಧರಾಗಿರಿ. 2008ರಲ್ಲಿ ಮೈಕಲ್ ಸೀಬಲ್ ಎಂಬ ಗೆಳೆಯ ಏರ್‌ಬಿಎನ್‌ಬಿ ಸ್ಥಾಪಕರನ್ನು ಏಳು ಹೂಡಿಕೆದಾರರಿಗೆ ಪರಿಚಯಿಸಿದರು. ಅವರು ಕೇಳಿದ್ದು 1,50,000 ಡಾಲರ್. ಐವರು ಇಲ್ಲ ಎಂದರು, ಇಬ್ಬರು ಉತ್ತರವನ್ನೇ ಕೊಡಲಿಲ್ಲ. ಆ ಪರಿಚಯ ವ್ಯರ್ಥವಾಗಲಿಲ್ಲ. ವೈ ಕಾಂಬಿನೇಟರ್‌ಗೆ ಅರ್ಜಿ ಹಾಕಿ ಎಂದು ಒತ್ತಾಯಿಸಿದ್ದೂ ಅದೇ ಸೀಬಲ್.

2020ರ ಹಾಗೆ ಪ್ರವಾಸವೇ ನಿಂತುಹೋದರೆ?

ಈ ಕ್ಷೇತ್ರದ ದೊಡ್ಡ ಭಯ ಇದೇ. 2019ರಲ್ಲಿ ಜಗತ್ತಿನಲ್ಲಿ ಸುಮಾರು 146 ಕೋಟಿ ಅಂತರರಾಷ್ಟ್ರೀಯ ಪ್ರವಾಸಿ ಭೇಟಿಗಳಾಗಿದ್ದವು. 2020ರಲ್ಲಿ ಅದು 40 ಕೋಟಿಯ ಆಸುಪಾಸಿಗೆ ಕುಸಿಯಿತು. ಏರ್‌ಬಿಎನ್‌ಬಿ ಆ ವರ್ಷ ಕಾಲು ಭಾಗ ನೌಕರರನ್ನು ತೆಗೆಯಿತು. 2024ರ ಹೊತ್ತಿಗೆ ಸಂಖ್ಯೆ ಮತ್ತೆ 140 ಕೋಟಿಗೆ ಬಂತು. ಪ್ರವಾಸ ಮರಳಿ ಬರುತ್ತದೆ, ಅಲ್ಲಿಯವರೆಗೆ ನೀವು ಉಳಿಯಬೇಕು. ವಿದ್ಯಾರ್ಥಿಗಳಿಗೆ ಇಲ್ಲಿ ಒಂದು ಅನುಕೂಲ ಇದೆ: ಖರ್ಚು ಕಡಿಮೆ. ಆಫೀಸು, ಸಂಬಳ ಎಂದು ಬೇಗ ಏರಿಸಿಕೊಳ್ಳಬೇಡಿ.

ನನಗೆ ಜನರ ಜೊತೆ ಮಾತಾಡಲು ಸಂಕೋಚ. ನೆಟ್‌ವರ್ಕಿಂಗ್ ನನ್ನಿಂದ ಆಗುತ್ತದಾ?

ಆಗುತ್ತದೆ. ತುಂಬಿದ ಹಾಲ್‌ನಲ್ಲಿ ನಗುನಗುತ್ತಾ ಕಾರ್ಡ್ ಹಂಚುವುದು ಇದರ ಒಂದು ರೂಪ ಮಾತ್ರ. ಒಬ್ಬೊಬ್ಬರನ್ನೇ, ಮೊದಲೇ ಬರೆದಿಟ್ಟ ಪ್ರಶ್ನೆಗಳ ಜೊತೆ ಭೇಟಿಯಾಗಿ. ಕಡಿಮೆ ಮಾತಾಡುವವರು ಚೆನ್ನಾಗಿ ಕೇಳಿಸಿಕೊಳ್ಳುತ್ತಾರೆ, ಇಲ್ಲಿ ಬೇಕಾಗಿರುವುದೇ ಅದು. ಬರೆಯುವುದು ಸುಲಭ ಅನ್ನಿಸಿದರೆ ನೀವು ಕಲಿತದ್ದನ್ನು ಬರೆದು ಹಂಚಿ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ತಪ್ಪು ತಿದ್ದಿ. ಕೆಲಸ ನೋಡಿ ಜನ ತಾವೇ ಮಾತಾಡಿಸುತ್ತಾರೆ.

ಓದು ಮುಗಿಯುತ್ತಾ ಬಂತು. ಕೆಲಸಕ್ಕೆ ಸೇರುವುದಾ, ಇದನ್ನೇ ಮುಂದುವರಿಸುವುದಾ?

ಗೀರ್ಟ್-ಯಾನ್ ಬ್ರೌನ್ಸ್‌ಮಾ 1996ರಲ್ಲಿ ಬುಕಿಂಗ್ ಡಾಟ್ ಕಾಮ್‌ನ ಮೂಲ ಸೈಟ್ ಶುರು ಮಾಡಿದ್ದು ನೆದರ್‌ಲ್ಯಾಂಡ್ಸ್‌ನಲ್ಲಿ, ಟ್ವೆಂಟೆ ವಿಶ್ವವಿದ್ಯಾಲಯದಿಂದ ಹೊರಬಂದ ಹೊಸತರಲ್ಲಿ. ಹಾಗಂತ ಎಲ್ಲರೂ ಧುಮುಕಬೇಕು ಎಂದಲ್ಲ. ಮನೆಯ ಪರಿಸ್ಥಿತಿ ಒಬ್ಬೊಬ್ಬರದು ಒಂದೊಂದು ರೀತಿ. ದುಡ್ಡು ಕೊಡುವ ಗ್ರಾಹಕರು ಇದ್ದು, ಅವರು ತಿಂಗಳು ತಿಂಗಳು ಉಳಿಯುತ್ತಿದ್ದರೆ, ತಂಡದ ಇಬ್ಬರಾದರೂ ಪೂರ್ತಿ ಸಮಯ ಕೊಡಲು ಸಿದ್ಧರಿದ್ದರೆ ಮುಂದುವರಿಸಿ. ಇಲ್ಲವಾದರೆ ಹೋಟೆಲ್ ಸಾಫ್ಟ್‌ವೇರ್ ಕಂಪನಿಯಲ್ಲೋ, ಏರ್‌ಲೈನ್‌ನಲ್ಲೋ, ಟೂರ್ ಆಪರೇಟರ್ ಹತ್ತಿರವೋ ಎರಡು ವರ್ಷ ಕೆಲಸ ಮಾಡಿ ಬನ್ನಿ. ಸೇರುವಾಗ ಕರಾರು ಪತ್ರ ಓದಿ, ಬಿಡುವಿನಲ್ಲಿ ನೀವು ಮಾಡುವ ಕೆಲಸದ ಮೇಲೆ ಕಂಪನಿ ಹಕ್ಕು ಕೇಳುತ್ತದೆಯೇ ನೋಡಿ. ಇಷ್ಟು ದಿನ ಸಮಯ ಕೊಟ್ಟ ಎಲ್ಲರಿಗೂ ನಿಮ್ಮ ನಿರ್ಧಾರ ಏನೆಂದು ಒಂದು ಪತ್ರ ಬರೆಯಿರಿ. ಸ್ಟಾರ್ಟಪ್ ನಿಲ್ಲಿಸುತ್ತಿದ್ದರೂ ಬರೆಯಿರಿ, ಯಾಕೆ ನಿಲ್ಲಿಸುತ್ತಿದ್ದೀರಿ ಎಂದು ಹೇಳಿ. ನಿಮ್ಮ ಮೊದಲ ಕೆಲಸದ ಸುಳಿವು ಅವರಲ್ಲೇ ಒಬ್ಬರಿಂದ ಬರುವ ಸಾಧ್ಯತೆ ತುಂಬ ಇದೆ.